ಯಂತ್ರ ಬಂದರೆ ಸಾಕಾ? ಜೋಯಿಡಾದ ಅವ್ವನನ್ನು ಕರೆಯೋರು ಯಾರು?

2024ರ ಫೆಬ್ರವರಿ 2, ಶುಕ್ರವಾರ. ಬೆಳಗ್ಗೆ ನಮ್ಮ ನ್ಯೂಸ್‌ರೂಮಿನಲ್ಲಿ ಒಮ್ಮೆಲೇ ಗದ್ದಲ. ಮುಂಬೈಯ ನಟಿಯೊಬ್ಬರು ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಕೊಂಡರು ಅಂತ ಅವರದೇ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಪೋಸ್ಟ್ ಬಂದಿತ್ತು. ದೇಶದ ಚಾನೆಲ್‌ಗಳಲ್ಲೆಲ್ಲ ಬ್ರೇಕಿಂಗ್ ನ್ಯೂಸ್. ನಾವೂ ಹಾಕಿದೆವು. ಸುಳ್ಳು ಯಾಕೆ ಹೇಳಲಿ, ನಾನೇ ಓದಿದೆ. ಮರುದಿನ ಆ ನಟಿ ವಿಡಿಯೋದಲ್ಲಿ ಪ್ರತ್ಯಕ್ಷ! ತಾನು ಸತ್ತಿಲ್ಲ, ಜಾಗೃತಿಗಾಗಿ ಹೀಗೆ ಮಾಡಿದೆ ಅಂದರು. ಆಮೇಲೆ ಎರಡು ದಿನ ನಾವೆಲ್ಲ ಸೇರಿ ಆಕೆಯನ್ನು ಬೈದೆವು. ಬೈಯಬೇಕಾದ್ದೇ, ಬಿಡಿ. ಆದರೆ ಈ ಗಲಾಟೆಯಲ್ಲಿ ಎರಡು ನಿಜವಾದ ಸುದ್ದಿಗಳು ಮುಳುಗಿಹೋದವು.

ಒಂದು, ಅದರ ಹಿಂದಿನ ದಿನ, ಫೆಬ್ರವರಿ 1ರಂದು, ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಮಧ್ಯಂತರ ಬಜೆಟ್‌ನಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಈ ಕ್ಯಾನ್ಸರ್ ತಡೆಯುವ ಲಸಿಕೆಗೆ ಉತ್ತೇಜನ ಕೊಡ್ತೀವಿ ಅಂದಿದ್ದರು. ಇನ್ನೊಂದು, ಅದೇ ದಿನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರ ಅಂದಾಜು ಲೆಕ್ಕ ಬಿಡುಗಡೆ ಮಾಡಿತ್ತು. ಭಾರತದಲ್ಲಿ ಒಂದೇ ವರ್ಷ ಸುಮಾರು 1 ಲಕ್ಷ 27 ಸಾವಿರ ಮಹಿಳೆಯರಿಗೆ ಹೊಸದಾಗಿ ಗರ್ಭಕಂಠದ ಕ್ಯಾನ್ಸರ್. ಸತ್ತವರು ಸುಮಾರು 80 ಸಾವಿರ. ಆರೂವರೆ ನಿಮಿಷಕ್ಕೆ ಒಬ್ಬ ತಾಯಿ ಅಂತ ಆಯ್ತು. ನೀವು ನಮ್ಮ ಅರ್ಧ ಗಂಟೆಯ ಬುಲೆಟಿನ್ ನೋಡಿ ಮುಗಿಸುವಷ್ಟರಲ್ಲಿ ನಾಲ್ಕು ಜನ. ಅವರ್ಯಾರೂ ಮರುದಿನ ವಿಡಿಯೋದಲ್ಲಿ ಬಂದು ನಾನು ಬದುಕಿದ್ದೀನಿ ಅನ್ನಲ್ಲ.

ಅಂಥವರಲ್ಲಿ ಒಬ್ಬಳು ನಮ್ಮ ಚಿಕ್ಕವ್ವ. ಹಳಿಯಾಳ ತಾಲ್ಲೂಕಿನ ಹಳ್ಳಿಯವಳು. ಮುಟ್ಟು ನಿಂತು ನಾಲ್ಕೈದು ವರ್ಷ ಆದಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ಯಾರಿಗೂ ಹೇಳಲಿಲ್ಲ. ಕಡೆಗೊಮ್ಮೆ ಒಬ್ಬ ಡಾಕ್ಟರ್ ಹತ್ತಿರ ಹೋದಾಗ "ಈ ವಯಸ್ಸಿಗೆ ಹಿಂಗಾಗೂದ ಐತಿ, ಅವ್ವಾ" ಅಂತ ಗುಳಿಗೆ ಕೊಟ್ಟು ಕಳಿಸಿದರಂತೆ. ಮುಂದೆ ಸೊಂಟ ನೋವು ತಡೆಯಲಾರದೆ ಹುಬ್ಬಳ್ಳಿಗೆ ಕರಕೊಂಡು ಹೋದಾಗ ಕಾಯಿಲೆ ಮೂರನೇ ಹಂತ ದಾಟಿತ್ತು. "ಮೊದಲ ಯಾಕ ಹೇಳಲಿಲ್ಲ ಚಿಕ್ಕವ್ವಾ?" ಅಂತ ನಾನು ಕೇಳಿದೆ. "ಏನಂತ ಹೇಳ್ಲೋ ತಮ್ಮಾ, ಯಾರಿಗೆ ಹೇಳ್ಲಿ?" ಅಂದಳು. ವಾರಕ್ಕೊಮ್ಮೆ ಹಳಿಯಾಳದ ಸಂತೆಗೆ ತಪ್ಪದೆ ಬರುತ್ತಿದ್ದ ಹೆಂಗಸು. ಆ ಅಷ್ಟೂ ವರ್ಷಗಳಲ್ಲಿ ಒಮ್ಮೆಯೂ ಯಾರೂ ಕರೆದು, ಬಾ ಅವ್ವಾ, ಒಂದು ಪರೀಕ್ಷೆ ಮಾಡ್ತೀವಿ ಅನ್ನಲಿಲ್ಲ.

ಇದನ್ನು ಕಣ್ಣೀರು ತರಿಸೋಕೆ ಹೇಳ್ತಿಲ್ಲ. ಈ ಕಾಯಿಲೆಯ ಸ್ವಭಾವ ತಿಳಿದರೆ ನಿಮಗೇ ಸಿಟ್ಟು ಬರುತ್ತೆ, ಅದಕ್ಕೆ ಹೇಳ್ತಿದ್ದೀನಿ.

ಗರ್ಭಕೋಶದ ಬಾಯಿಯ ಹತ್ತಿರ ಇರುವ ಕಿರಿದಾದ ಭಾಗ ಗರ್ಭಕಂಠ. ಅಲ್ಲಿ ಬರುವ ಕ್ಯಾನ್ಸರ್‌ಗೆ ಬಹುತೇಕ ಎಲ್ಲ ಪ್ರಕರಣಗಳಲ್ಲೂ ಕಾರಣ ಒಂದು ವೈರಸ್, ಹೆಸರು ಎಚ್‌ಪಿವಿ. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್ ಹರಡೋದು ಲೈಂಗಿಕ ಸಂಪರ್ಕದಿಂದ. ಹಾಗಂತ ಇದು ನಡತೆಗೆ ಸಂಬಂಧಪಟ್ಟ ಕಾಯಿಲೆ ಅಲ್ಲ. ಮದುವೆಯಾಗಿ ಸಂಸಾರ ಮಾಡುವ ಹೆಚ್ಚಿನ ಗಂಡಸರು, ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ತಗಲುವಂಥದ್ದು. ಹತ್ತರಲ್ಲಿ ಒಂಬತ್ತು ಜನರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಹೊರಹಾಕುತ್ತೆ. ಉಳಿದವರಲ್ಲಿ ಅದು ಅಲ್ಲೇ ಕೂತು ಜೀವಕೋಶಗಳನ್ನು ನಿಧಾನಕ್ಕೆ ಕೆಡಿಸುತ್ತಾ ಹೋಗುತ್ತೆ.

ಎಷ್ಟು ನಿಧಾನ ಗೊತ್ತಾ? ಸಾಮಾನ್ಯವಾಗಿ 15ರಿಂದ 20 ವರ್ಷ! ರೋಗನಿರೋಧಕ ಶಕ್ತಿ ಕಡಿಮೆ ಇದ್ದವರಲ್ಲಿ, ಎಚ್‌ಐವಿ ಇದ್ದವರಲ್ಲಿ, 5ರಿಂದ 10 ವರ್ಷ. ಇಷ್ಟು ವರ್ಷ ಮೊದಲೇ ಸುಳಿವು ಕೊಡುವ ಕ್ಯಾನ್ಸರ್ ಬೇರೆ ಎಷ್ಟಿವೆ ಹೇಳಿ. ಆ ಹಂತದಲ್ಲಿ ನೋವಿಲ್ಲ, ರಕ್ತ ಇಲ್ಲ, ಹೆಂಗಸಿಗೆ ಏನೂ ಗೊತ್ತಾಗಲ್ಲ. ಪರೀಕ್ಷೆಗೆ ಮಾತ್ರ ಗೊತ್ತಾಗುತ್ತೆ. ಗೊತ್ತಾದರೆ ಒಂದೇ ಭೇಟಿಯಲ್ಲಿ ಕೆಟ್ಟ ಭಾಗವನ್ನು ತೆಗೆದುಹಾಕಬಹುದು.

ಹಾಗಾದರೆ ಪರೀಕ್ಷೆಗಳು ಯಾವುವು? ಹಳೆಯದು ಪ್ಯಾಪ್ ಸ್ಮಿಯರ್. ಶ್ರೀಮಂತ ದೇಶಗಳಲ್ಲಿ ಲಕ್ಷಾಂತರ ಜೀವ ಉಳಿಸಿದೆ. ಆದರೆ ಅದಕ್ಕೆ ಲ್ಯಾಬ್ ಬೇಕು, ಸ್ಲೈಡ್ ನೋಡುವ ಪರಿಣತರು ಬೇಕು. ನಮ್ಮ ತಾಲ್ಲೂಕುಗಳಲ್ಲಿ ಅಂಥವರನ್ನು ಎಲ್ಲಿಂದ ತರೋಣ?

ಎರಡನೆಯದು ವಿಐಎ. ಇದರಲ್ಲಿ ಯಂತ್ರವೇ ಇಲ್ಲ. ವಿನೆಗರ್ ಇರುತ್ತಲ್ಲ, ಆ ತೆಳು ಅಸಿಟಿಕ್ ಆಮ್ಲವನ್ನು ಗರ್ಭಕಂಠಕ್ಕೆ ಹತ್ತಿಯಿಂದ ಹಚ್ಚಿ ಒಂದು ನಿಮಿಷ ಕಾಯೋದು. ಕೆಟ್ಟಿರುವ ಜಾಗ ಬೆಳ್ಳಗಾಗುತ್ತೆ. ಅಷ್ಟೇ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ಸುರೇಂದ್ರ ಶಾಸ್ತ್ರಿ ಅವರ ತಂಡ 1998ರಿಂದ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರ ಮೇಲೆ ಅಧ್ಯಯನ ಮಾಡಿತು. ಪರೀಕ್ಷೆ ಮಾಡಿದ್ದು ಡಾಕ್ಟರ್‌ಗಳಲ್ಲ, ತರಬೇತಿ ಪಡೆದ, ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳು. ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರ್‌ನ ಸಾವು ಶೇ 31ರಷ್ಟು ಇಳಿಯಿತು. 2013ರಲ್ಲಿ ಈ ಫಲಿತಾಂಶ ಕೇಳಿ ಜಗತ್ತೇ ತಿರುಗಿ ನೋಡಿತು.

ಆದರೆ ವಿಐಎಗೆ ಒಂದು ಮಿತಿ ಇದೆ. ಎಲ್ಲವೂ ನೋಡುವವರ ಕಣ್ಣಿನ ಮೇಲೆ ನಿಂತಿದೆ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಗೆ ಸರಿದು ಸರಿಯಾಗಿ ಕಾಣೋದೇ ಇಲ್ಲ.

ಮೂರನೆಯದು, ವೈರಸ್‌ನ ಡಿಎನ್‌ಎಯನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ. ನಮ್ಮ ಬೀದರ್-ಕಲಬುರಗಿ ಗಡಿಗೆ ತಾಗಿದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗಿನ ಧಾರಾಶಿವ್‌ನಲ್ಲಿ, 1 ಲಕ್ಷ 31 ಸಾವಿರಕ್ಕೂ ಹೆಚ್ಚು ಹಳ್ಳಿ ಹೆಂಗಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2009ರಲ್ಲಿ ಬಂತು. ಬದುಕಿನಲ್ಲಿ ಒಂದೇ ಒಂದು ಸಲ ಈ ಪರೀಕ್ಷೆ ಮಾಡಿದ ಗುಂಪಿನಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಅದೇ ಅಧ್ಯಯನದ ವಿಐಎ ಗುಂಪಿನಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ, ಸಾಧ್ಯವಾದ ಕಡೆಯೆಲ್ಲ ಎಚ್‌ಪಿವಿ ಪರೀಕ್ಷೆಗೇ ಬನ್ನಿ ಅಂತ ಸಲಹೆ ಕೊಟ್ಟಿತು. 30 ವರ್ಷ ದಾಟಿದ ಮೇಲೆ 5ರಿಂದ 10 ವರ್ಷಕ್ಕೊಮ್ಮೆ ಸಾಕು.

ಇದರಲ್ಲಿ ಇನ್ನೊಂದು ದೊಡ್ಡ ಅನುಕೂಲ. ಹೆಂಗಸು ಮಂಚದ ಮೇಲೆ ಮಲಗಬೇಕಿಲ್ಲ, ಬೇರೆಯವರು ಮುಟ್ಟಬೇಕಿಲ್ಲ. ಹತ್ತಿಕಡ್ಡಿಯಂಥ ಸಣ್ಣ ಬ್ರಷ್‌ನಿಂದ ತಾನೇ ಮಾದರಿ ತೆಗೆದುಕೊಡಬಹುದು. ಅಂಗನವಾಡಿಯಲ್ಲಿ ಒಂದು ಪರದೆ ಕಟ್ಟಿದರೆ ಆಯ್ತು. ಮಲೇಷ್ಯಾದಲ್ಲಿ 2018ರಿಂದ ರೋಸ್ ಎಂಬ ಕಾರ್ಯಕ್ರಮ ಹೀಗೇ ನಡೀತಿದೆ, ಫಲಿತಾಂಶ ಮೊಬೈಲ್‌ಗೆ ಬರುತ್ತೆ. ನಮ್ಮ ಮೈಸೂರಿನಲ್ಲೇ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಎಂಬ ಸಂಸ್ಥೆ ಹಳ್ಳಿಯ ಮಹಿಳೆಯರ ಜೊತೆ ಈ ಬಗ್ಗೆ ಕೆಲಸ ಮಾಡಿದೆ.

ಯಂತ್ರ ಎಲ್ಲಿಂದ ತರೋದು ಅಂತೀರಾ? ಜೋಯಿಡಾದ ಗಡಿ ದಾಟಿದರೆ ಗೋವಾ. ಅಲ್ಲಿನ ಮೋಲ್‌ಬಯೋ ಕಂಪನಿ ಮಾಡುವ ಟ್ರೂನ್ಯಾಟ್ ಯಂತ್ರದ ಹೆಸರು ಕೋವಿಡ್ ಕಾಲದಲ್ಲಿ ನೀವೆಲ್ಲ ಕೇಳಿದ್ದೀರಿ. ಬ್ಯಾಟರಿಯಲ್ಲಿ ನಡೆಯುತ್ತೆ, ಮೇಜಿನ ಮೇಲೆ ಕೂರುತ್ತೆ, ಸುಮಾರು ಒಂದು ಗಂಟೆಯಲ್ಲಿ ಉತ್ತರ ಹೇಳುತ್ತೆ. ಕ್ಷಯ ಪತ್ತೆಗೆ ಸರ್ಕಾರ ಇದನ್ನು ಬಳಸ್ತಿದೆ. ಅದೇ ಯಂತ್ರಕ್ಕೆ ಚಿಪ್ ಬದಲಿಸಿದರೆ ಎಚ್‌ಪಿವಿಯ ಮುಖ್ಯ ಅಪಾಯಕಾರಿ ತಳಿಗಳನ್ನೂ ಹುಡುಕುತ್ತೆ.

ಅಂದರೆ ಪರೀಕ್ಷೆ ಇದೆ, ಯಂತ್ರ ಇದೆ, ಪಕ್ಕದಲ್ಲೇ ಇದೆ. ಕೇಂದ್ರ ಸರ್ಕಾರ 2016ರಲ್ಲೇ ನಿಯಮ ಮಾಡಿದೆ. 30ರಿಂದ 65 ವರ್ಷದ ಪ್ರತಿ ಮಹಿಳೆಗೂ ಐದು ವರ್ಷಕ್ಕೊಮ್ಮೆ ವಿಐಎ ಆಗಬೇಕು. ಹಾಗಿದ್ದರೆ ಆಗಿರೋದು ಎಷ್ಟು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 30ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ಶೇ 1.9. ನೂರಕ್ಕೆ ಇಬ್ಬರೂ ತುಂಬಲ್ಲ! ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟಿರುವ ಗುರಿ ನೂರಕ್ಕೆ 70.

ಈ ಅಂತರ ಯಾಕೆ ಅಂತ ತಿಳಿಯಬೇಕಾದರೆ ನಮ್ಮ ಉತ್ತರ ಕನ್ನಡದ ಘಟ್ಟದ ಮೇಲಿನ ನಾಲ್ಕು ತಾಲ್ಲೂಕು ನೋಡಿ.

ಜೋಯಿಡಾ. ವಿಸ್ತಾರದಲ್ಲಿ ಹಿಂದಿನ ಬೆಂಗಳೂರು ಮಹಾನಗರಪಾಲಿಕೆಯ ಎರಡು ಪಟ್ಟಿಗೂ ದೊಡ್ಡದು. ಜನ 2011ರ ಗಣತಿಯಲ್ಲಿ ಸುಮಾರು 52 ಸಾವಿರ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನೊಳಗೆ, ಸೂಪಾ ಹಿನ್ನೀರಿನ ಆಚೆ, ಕುಣಬಿಗಳ ಮನೆಗಳು ಚದುರಿಕೊಂಡಿವೆ. ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಸರಿ. ಬಸ್ಸೇ ಬರದ ಊರಿಗೆ ಉಚಿತ ಟಿಕೆಟ್ ಏನು ಮಾಡುತ್ತೆ? ಮೊಬೈಲ್ ಸಿಗ್ನಲ್‌ಗೆ ಗುಡ್ಡ ಹತ್ತುವ ಕಡೆ ಮಲೇಷ್ಯಾದ ಹಾಗೆ ಮೆಸೇಜ್ ಕಳಿಸಿದರೆ ನಡೆಯಲ್ಲ. ಆಶಾ ಕಾರ್ಯಕರ್ತೆಯೇ ಫಲಿತಾಂಶ ಹಿಡಿದು ಮನೆಗೆ ಹೋಗಬೇಕು.

ದಾಂಡೇಲಿ, ಕಾಗದ ಕಾರ್ಖಾನೆಯ ಊರು. ಇಎಸ್‌ಐ ಆಸ್ಪತ್ರೆ ಇದೆ. ಆದರೆ ಇಎಸ್‌ಐ ಕಾರ್ಡ್ ಇದ್ದವರಿಗೆ ಒಂದು ದಾರಿ, ಕಾರ್ಡ್ ಇಲ್ಲದೆ ಮನೆಗೆಲಸಕ್ಕೋ ರೆಸಾರ್ಟ್ ಕೆಲಸಕ್ಕೋ ಹೋಗುವ ಹೆಂಗಸಿಗೆ ಇನ್ನೊಂದು ದಾರಿ. ಅವಳಿಗೆ ಬಸ್ ಚಾರ್ಜ್‌ಗಿಂತ ಒಂದು ದಿನದ ಕೂಲಿ ದೊಡ್ಡದು. ಸಂಜೆ ಹೊತ್ತು ಅಥವಾ ಭಾನುವಾರ ಪರೀಕ್ಷೆ ಇಟ್ಟರೆ ಮಾತ್ರ ಬಂದಾಳು.

ಹಳಿಯಾಳದಲ್ಲಿ ಮನೆಮಾತು ಮರಾಠಿ ಆಗಿರುವವರು ಬಹಳ. ಕಬ್ಬು ಕಡಿಯುವ ಹಂಗಾಮಿನಲ್ಲಿ ಯಾರೂ ಶಿಬಿರಕ್ಕೆ ಬರಲ್ಲ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ವಸತಿ ಇದೆ, ಅವರದೇ ಆಸ್ಪತ್ರೆ ಇದೆ. ಸುತ್ತ ಗೌಳಿಗಳ ದಡ್ಡಿ, ಸಿದ್ದಿಗಳ ಕೇರಿ, ಲಂಬಾಣಿ ತಾಂಡಾ. ಒಂದೇ ಕನ್ನಡ ಕರಪತ್ರ ಹಂಚಿ ಜಾಗೃತಿ ಆಯ್ತು ಅನ್ನೋಕಾಗುತ್ತಾ?

ಇನ್ನೊಂದು ಮಾತು, ಇದು ಬಹಳ ಮುಖ್ಯ. ಪರೀಕ್ಷೆ ಮಾಡಿ ದೋಷ ಕಂಡಮೇಲೆ "ಹುಬ್ಬಳ್ಳಿಗೆ ಹೋಗಿ ತೋರಿಸ್ರಿ" ಅಂತ ಚೀಟಿ ಕೊಟ್ಟರೆ ಎಷ್ಟು ಜನ ಹೋಗ್ತಾರೆ? ಮನೆಯಲ್ಲಿ ಗಂಡನಿಗೆ ಏನು ಹೇಳಬೇಕು ಅಂತಲೇ ತಿಳಿಯದೆ ಚೀಟಿಯನ್ನು ಕಪಾಟಿನಲ್ಲಿ ಇಡ್ತಾರೆ. ತಪಾಸಣೆ ಅನ್ನೋದು ಅಲ್ಲೇ ಸಾಯುತ್ತೆ. ಇದಕ್ಕೂ ಉಪಾಯ ಇದೆ. ಥರ್ಮಲ್ ಅಬ್ಲೇಶನ್ ಅಂತ ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣ. ಕೆಟ್ಟ ಜಾಗಕ್ಕೆ ಒಂದು ನಿಮಿಷದೊಳಗೆ ಬಿಸಿ ಮುಟ್ಟಿಸಿ ನಾಶ ಮಾಡುತ್ತೆ. ಮುಂಚೆ ಬಳಸುತ್ತಿದ್ದ ಕ್ರಯೋಥೆರಪಿಯಂತೆ ಗ್ಯಾಸ್ ಸಿಲಿಂಡರ್ ಹೊರಬೇಕಿಲ್ಲ. ಎಲ್ಲರಿಗೂ ಇದು ಹೊಂದಲ್ಲ, ಕೆಲವರನ್ನು ದೊಡ್ಡ ಆಸ್ಪತ್ರೆಗೆ ಕಳಿಸಲೇಬೇಕು. ಆದರೆ ಹೊಂದುವವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಮುಗಿಸಿಬಿಡಬಹುದು.

2022ರಲ್ಲಿ ಉತ್ತರ ಕನ್ನಡದ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ದೊಡ್ಡ ಅಭಿಯಾನವನ್ನೇ ಮಾಡಿದರು. ಆ ಬೇಡಿಕೆಗೆ ನನ್ನ ಪೂರ್ತಿ ಬೆಂಬಲ ಇದೆ. ಆದರೆ ಈ ಒಂದು ಕ್ಯಾನ್ಸರ್ ತಡೆಯೋಕೆ ಅಷ್ಟು ದೊಡ್ಡ ಕಟ್ಟಡಕ್ಕೆ ಕಾಯಬೇಕಿಲ್ಲ. ಸರ್ಕಾರಕ್ಕೆ ನಾನು ಕೇಳೋದು ಮೂರೇ. ನಾಲ್ಕು ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಗೊತ್ತುಮಾಡಿ, ಮಹಿಳಾ ಸಿಬ್ಬಂದಿಯಿಂದ ಪರೀಕ್ಷೆ. ಅದೇ ದಿನ, ಅಲ್ಲೇ ಚಿಕಿತ್ಸೆ. ಕರೆಯುವ, ಕರೆತರುವ, ಮತ್ತೆ ವಿಚಾರಿಸುವ ಆಶಾ ಕಾರ್ಯಕರ್ತೆಗೆ ಆ ಕೆಲಸಕ್ಕೆ ಸರಿಯಾದ ಸಂಭಾವನೆ. ಈ ಮೂರನೆಯದನ್ನು ಬಿಟ್ಟು ಬರೀ ಯಂತ್ರ ಕೊಂಡರೆ, ಉದ್ಘಾಟನೆಯ ಫೋಟೋ ಬರುತ್ತೆ, ಪೇಷೆಂಟ್ ಬರಲ್ಲ.

ಲಸಿಕೆ ಬರಲಿ, ಬೇಗ ಬರಲಿ. ಅದು ಮಗಳನ್ನು ಕಾಪಾಡುತ್ತೆ. ಆದರೆ ಈಗಾಗಲೇ ವೈರಸ್ ಹೊತ್ತು ಕೂತಿರುವ ಅವ್ವನಿಗೆ ಲಸಿಕೆ ಮದ್ದಲ್ಲ. ಅವಳಿಗೆ ಇರೋದು ತಪಾಸಣೆ ಒಂದೇ.

ಕೊನೆಗೆ ನಿಮಗೊಂದು ಮಾತು. ಮುಟ್ಟು ನಿಂತಮೇಲೆ ರಕ್ತ, ಗಂಡನ ಜೊತೆ ಸೇರಿದ ನಂತರ ರಕ್ತ, ವಾಸನೆಯ ಬಿಳಿಸೆರಗು, ಬಿಡದ ಸೊಂಟನೋವು, ಇವು ವಯಸ್ಸಿಗೆ ಬರೋ ತೊಂದರೆ ಅಂತ ಯಾರೇ ಹೇಳಲಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಏನೂ ತೊಂದರೆ ಇಲ್ಲದಿದ್ದರೂ 30 ದಾಟಿದವರು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ, ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಈ ಪರೀಕ್ಷೆ ಕೇಳಿ. ಇಲ್ಲ ಅಂದರೆ ಯಾವಾಗ ಬರುತ್ತೆ ಅಂತ ಕೇಳಿ. ಗಂಡಸರೇ, ನಾಚಿಕೆ ಬಿಟ್ಟು ಇವತ್ತು ರಾತ್ರಿ ಊರಿಗೆ ಒಂದು ಫೋನ್ ಮಾಡಿ, ಅವ್ವನಿಗೆ ಒಮ್ಮೆ ಕೇಳಿ. ನಾನು ನಮ್ಮ ಚಿಕ್ಕವ್ವನಿಗೆ ಕೇಳಿದ್ದು ಬಹಳ ತಡವಾಗಿತ್ತು.