ಮೋಡ ಕವಿದರೆ ದ್ರಾಕ್ಷಿ ರೈತನಿಗೆ ನಿದ್ದೆ ಇಲ್ಲ

ವಿಜಯಪುರದ ಕಿರಾಣಿ ಅಂಗಡಿಯಲ್ಲಿ ನೂರು ಗ್ರಾಂ ಒಣದ್ರಾಕ್ಷಿ ಕಟ್ಟಿಸಿಕೊಳ್ಳುವ ಗಿರಾಕಿ 'ಏನ್ರೀ, ಇಷ್ಟು ತುಟ್ಟಿ?' ಅನ್ನುವುದುಂಟು. ಒಂದು ಕಿಲೋ ಒಣದ್ರಾಕ್ಷಿಗೆ ಸುಮಾರು ನಾಲ್ಕು ಕಿಲೋ ಹಸಿಹಣ್ಣು ಬೇಕೆಂಬುದು ಎಷ್ಟು ಮಂದಿಗೆ ಗೊತ್ತು? ಆ ಹಣ್ಣು ಕೈಗೆ ಬರುವ ತನಕ ತಿಕೋಟಾ ಕಡೆಯ ರೈತ ಪಡುವ ಪಾಡು ಪೊಟ್ಟಣದಲ್ಲಿ ಕಾಣುವುದಿಲ್ಲ.

ಇಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ. ಏಪ್ರಿಲ್‌ನಲ್ಲಿ ಕಡ್ಡಿ ಬೆಳೆಸಲು, ಅಕ್ಟೋಬರ್ ಹೊತ್ತಿಗೆ ಹಣ್ಣು ಹಿಡಿಸಲು. ಎರಡನೆಯ ಚಾಟ್ನಿ ಆದಮೇಲೆ ಶುರು ನೋಡಿ ಜೂಜಾಟ! ಹೂವು ಬಿಡುವ ಹೊತ್ತಿಗೆ ಹಿಂಗಾರು ಮಳೆ, ಮೋಡ, ಇಬ್ಬನಿ ಒಟ್ಟಿಗೆ ಬಂದರೆ ಬೂಜು ತುಪ್ಪಟ ರೋಗ ಕಾಲಿಡುತ್ತದೆ. ಎಲೆಯ ಮೇಲೆ ಎಣ್ಣೆ ಚೆಲ್ಲಿದಂಥ ಹಳದಿ ಕಲೆ, ಅಡಿಯಲ್ಲಿ ಬಿಳಿ ಬೂಜು. ಗೊಂಚಲಿಗೆ ತಗುಲಿತೋ, ಹೂವು ಕಂದಾಗಿ ಒಣಗಿತೆಂದೇ ಲೆಕ್ಕ. ವರ್ಷದ ದುಡಿಮೆ ವಾರದಲ್ಲಿ ಮಣ್ಣುಪಾಲು.

ಕಲೆ ಕಂಡಮೇಲೆ ಅಂಗಡಿಗೆ ಓಡಿ, ಕೊಟ್ಟ ಔಷಧವನ್ನೆಲ್ಲ ಹೊಡೆದರೆ ಸಾಲ ಬೆಳೆಯುತ್ತದೆ, ರೋಗ ನಿಲ್ಲುವುದಿಲ್ಲ. ಮೋಡ ಕಾಣುವ ಮುಂಚೆಯೇ ಸಿಂಪಡಿಸಬೇಕು. ಹಳೆಯ ಬೋರ್ಡೊ ದ್ರಾವಣ ಇಂದಿಗೂ ಅಗ್ಗದ ಕಾವಲು. ಒಂದು ಕಿಲೋ ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಬೇರೆ ಐವತ್ತು ಲೀಟರಿನಲ್ಲಿ ಕರಗಿಸಿ ಕೂಡಿಸಿದರೆ ಒಂದು ಪರ್ಸೆಂಟಿನದು. ಎಳೆ ಚಿಗುರಿಗೆ ಇನ್ನೂ ತಿಳಿಯಾಗಿರಬೇಕು. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಇರಲಿ. ಹೊಳಪಿನ ಚಾಕು ಅದ್ದಿದಾಗ ಕೆಂಪಗೆ ತಾಮ್ರ ಕಟ್ಟಿಕೊಂಡರೆ ಸುಣ್ಣ ಸಾಲದು ಎಂದರ್ಥ. ಕೂಡಿಸಿದ್ದನ್ನು ಅದೇ ದಿನ ಖರ್ಚು ಮಾಡಬೇಕು.

ಎಲೆ ದಟ್ಟವಾಗಿ ಮುಸುಕಿದರೆ ಔಷಧವೂ ಒಳಹೋಗದು, ಗಾಳಿಯೂ ಆಡದು. ಬೇಡದ ಚಿಗುರು ಚಿವುಟುವುದೂ ಅರ್ಧ ಔಷಧವೇ. ಮುಂದೆ ಒಣಹವೆಯಲ್ಲಿ ಬೂದಿರೋಗ ಹಣಿಕಿದರೆ ಅದಕ್ಕೆ ಗಂಧಕ.

ಇಷ್ಟೆಲ್ಲ ದಾಟಿ ಫೆಬ್ರವರಿ-ಮಾರ್ಚ್‌ನಲ್ಲಿ ಹಣ್ಣು ಕಿತ್ತು, ನೆರಳಿನ ಶೆಡ್ಡಿನ ಬಲೆಗಳ ಮೇಲೆ ಹರವಿ ಎರಡು ವಾರ ಒಣಗಿಸುವಾಗ ಅಕಾಲದ ಮಳೆ ಬಿದ್ದರೆ ಬಣ್ಣ ಕಪ್ಪಿಟ್ಟು ದರ ಕುಸಿಯುತ್ತದೆ.

ಕೊನೆಗೊಂದು ಮಾತು. ಕೊಯ್ಲು ಹತ್ತಿರ ಬಂದಾಗ ಡಬ್ಬಿಯ ಮೇಲೆ ಬರೆದಷ್ಟು ದಿನ ಮೊದಲೇ ಸಿಂಪಡಣೆ ನಿಲ್ಲಿಸಬೇಕು. ಔಷಧ ಮಾರುವವರು ಇದನ್ನು ಬಾಯಿಬಿಟ್ಟು ಹೇಳಲಿ. ಹಣ್ಣು ತಿನ್ನುವುದು ಅವರ ಮಕ್ಕಳೂ ಹೌದಲ್ಲ!