ನಿಲ್ಲಿಸಿದ ಕಾರಿಗೂ ಬೆಂಕಿ ಹತ್ತುತ್ತಾ? ಹ್ಯುಂಡೈ-ಕಿಯಾ ರೀಕಾಲ್ ಕಥೆ

ಇದು ಈ ವಾರದ ವಿಡಿಯೋದ ಬರಹರೂಪ. ಮಾತಾಡುವಾಗ ಅಂಕಿಗಳನ್ನ ಬೇಗ ಬೇಗ ಹೇಳಿಬಿಟ್ಟಿದ್ದೆ, ಇಲ್ಲಿ ಸ್ವಲ್ಪ ನಿಧಾನವಾಗಿ ಬರೆದಿದ್ದೀನಿ.

ವಿಷಯ ಅಮೆರಿಕದ್ದು, ಕೊರಿಯಾದ್ದು. ಆದ್ರೂ ನಮಗೆ ಯಾಕೆ ಬೇಕು ಅಂದ್ರೆ, ಎಂಎಸ್ ಓದೋಕೆ ಹೋದ ನಮ್ಮ ಹುಡುಗರು ಅಲ್ಲಿ ಮೊದಲು ಕೊಳ್ಳೋದೇ ಸೆಕೆಂಡ್ ಹ್ಯಾಂಡ್ ಕಾರು. ಕಡಿಮೆ ಬೆಲೆಗೆ ಸಿಗೋ ಸೊನಾಟಾ, ಆಪ್ಟಿಮಾಗಳೇ ಈ ಕಥೆಯಲ್ಲಿ ಬರೋ ಕಾರುಗಳು. ಇನ್ನೊಂದು ಕಾರಣ, ಪುಣೆ, ಮುಂಬೈ, ಹೈದರಾಬಾದಿನಲ್ಲಿ ನಾವೆಲ್ಲ ಕಾರು ನಿಲ್ಲಿಸೋದು ಇಪ್ಪತ್ತು ಮಹಡಿ ಮನೆಗಳ ಕೆಳಗಿನ ಬೇಸ್‌ಮೆಂಟಿನಲ್ಲಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಇಲ್ಲಿ ನಮ್ಮ ರಸ್ತೆಗಳಲ್ಲಿ ಓಡಾಡೋ ಐ20, ಕ್ರೆಟಾಗಳಲ್ಲಿ ಇರೋದು ಬೇರೆ ಎಂಜಿನ್‌ಗಳು. ಇದನ್ನ ಓದಿ ಸೊಸೈಟಿ ವಾಟ್ಸಾಪ್ ಗ್ರೂಪಿಗೆ ಗಾಬರಿ ಮೆಸೇಜ್ ಕಳಿಸಬೇಡಿ.

ತೀಟಾ-2 ಅನ್ನೋದು ಹ್ಯುಂಡೈ ಗುಂಪಿನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. 2.4 ಲೀಟರಿನದ್ದು ಒಂದು, 2.0 ಲೀಟರ್ ಟರ್ಬೋ ಇನ್ನೊಂದು. ಎಂಜಿನ್ ಒಳಗೆ ಪಿಸ್ಟನ್ ಮೇಲೆ ಕೆಳಗೆ ಆಡುತ್ತೆ, ಆ ಆಟವನ್ನ ಕನೆಕ್ಟಿಂಗ್ ರಾಡ್ ಕೆಳಗಿನ ಕ್ರ್ಯಾಂಕ್‌ಶಾಫ್ಟಿಗೆ ದಾಟಿಸಿ ತಿರುಗುವಿಕೆ ಮಾಡುತ್ತೆ. ರಾಡು ಕ್ರ್ಯಾಂಕಿಗೆ ಸೇರೋ ಜಾಗದಲ್ಲಿ ಒಂದು ಬೇರಿಂಗ್ ಇರುತ್ತೆ. ಬೇರಿಂಗ್ ಅಂದ ತಕ್ಷಣ ಸೈಕಲ್ ಚಕ್ರದ ಗುಂಡುಗಳನ್ನ ಕಲ್ಪಿಸಿಕೊಳ್ಳಬೇಡಿ. ಇದು ಎರಡು ಅರ್ಧ ಬಳೆ ಇದ್ದ ಹಾಗೆ, ಅಷ್ಟೇ. ಲೋಹ ಲೋಹಕ್ಕೆ ತಾಗದ ಹಾಗೆ ನೋಡಿಕೊಳ್ಳೋದು ಮಧ್ಯೆ ಇರೋ ಎಣ್ಣೆಯ ತೆಳು ಪದರ. ಆ ಎಣ್ಣೆ ಅಲ್ಲಿಗೆ ಬರೋದು ಕ್ರ್ಯಾಂಕ್‌ಶಾಫ್ಟಿನ ಒಳಗೆ ಕೊರೆದ ಸಣ್ಣ ಕಾಲುವೆಗಳ ಮೂಲಕ.

ಆ ಕಾಲುವೆ ಕೊರೆದಾಗ ಲೋಹದ ಪುಡಿ ಬರುತ್ತೆ, ಅದನ್ನ ಪೂರ್ತಿ ತೊಳೆದು ತೆಗೀಬೇಕು. 2015ರ ಸೆಪ್ಟೆಂಬರಿನಲ್ಲಿ ಹ್ಯುಂಡೈ ಅಮೆರಿಕದಲ್ಲಿ 2011 ಮತ್ತು 2012ರ ಮಾಡೆಲ್‌ನ ಸುಮಾರು 4 ಲಕ್ಷದ 70 ಸಾವಿರ ಸೊನಾಟಾಗಳನ್ನ ವಾಪಸ್ ಕರೆದಾಗ ಕೊಟ್ಟ ಕಾರಣ ಇದೇ: ಅಲಬಾಮಾ ಕಾರ್ಖಾನೆಯಲ್ಲಿ ಆ ಪುಡಿ ಸರಿಯಾಗಿ ಹೋಗಿಲ್ಲ, ಉಳಿದದ್ದು ಎಣ್ಣೆಯ ದಾರಿಗೆ ಅಡ್ಡ ಬರ್ತಿದೆ, ಬೇರಿಂಗ್ ಸವೆದು ಎಂಜಿನ್ ಓಡ್ತಾ ಓಡ್ತಾನೇ ನಿಂತುಹೋಗಬಹುದು.

ಇಲ್ಲಿ ಬೆಂಕಿಯ ಮಾತೇ ಇಲ್ಲ, ಗಮನಿಸಿ. ಎಂಜಿನ್ ನಿಲ್ಲುತ್ತೆ ಅಂತ ಮಾತ್ರ. ಹಾಗಾದ್ರೆ ಬೆಂಕಿ ಎಲ್ಲಿಂದ ಬಂತು? ಎಣ್ಣೆ ಸಾಲದೆ ಸವೆದ ಬೇರಿಂಗ್ ಸಡಿಲ ಆಗಿ ಟಕ್ ಟಕ್ ಅನ್ನೋ ಸದ್ದು ಶುರು ಮಾಡುತ್ತೆ. ಆಕ್ಸಿಲರೇಟರ್ ಒತ್ತಿದ ಹಾಗೆ ಸದ್ದಿನ ವೇಗವೂ ಏರುತ್ತೆ. ರೇಡಿಯೋ ಜೋರು ಮಾಡಿಕೊಂಡು ಹೈವೇಯಲ್ಲಿ ಹೋಗೋರಿಗೆ ಅದು ಕೇಳಿಸೋದೇ ಕಷ್ಟ. ಹಾಗೇ ಓಡಿಸ್ತಾ ಹೋದ್ರೆ ಒಂದು ಹೊತ್ತಿನಲ್ಲಿ ಕನೆಕ್ಟಿಂಗ್ ರಾಡ್ ಮುರಿಯುತ್ತೆ. ನಿಮಿಷಕ್ಕೆ ಸಾವಿರಾರು ಸಲ ಸುತ್ತೋ ಜಾಗದಲ್ಲಿ ಮುರಿದ ಉಕ್ಕಿನ ತುಂಡು ಸುಮ್ಮನೆ ಬೀಳಲ್ಲ, ಎಂಜಿನ್ ಬ್ಲಾಕಿನ ಗೋಡೆಯನ್ನೇ ತೂತು ಮಾಡಿ ಹೊರಗೆ ಬರುತ್ತೆ. ಬಿಸಿ ಎಣ್ಣೆ ಆ ತೂತಿನಿಂದ ಚಿಮ್ಮಿ ಸುಡ್ತಿರೋ ಎಗ್ಸಾಸ್ಟ್ ಕೊಳವೆ ಮೇಲೆ ಬೀಳುತ್ತೆ. ಪೆಟ್ರೋಲ್ ಸೋರಬೇಕಾಗಿಲ್ಲ, ಕಿಡಿಯೂ ಬೇಕಾಗಿಲ್ಲ. ಕಾದ ಬಾಣಲೆ ಮೇಲೆ ಎಣ್ಣೆ ಸುರಿದ ಹಾಗೆ.

2015ರಲ್ಲಿ ಹ್ಯುಂಡೈ ಸೊನಾಟಾವನ್ನ ಮಾತ್ರ ಕರೀತು. ಅದೇ ಎಂಜಿನ್ ಇರೋ ಕಿಯಾ ಕಾರುಗಳನ್ನ ಕರೀಲಿಲ್ಲ. 2017ರ ಮಾರ್ಚಿನ ಕೊನೆಯಲ್ಲಿ ಎರಡೂ ಕಂಪನಿ ಸೇರಿ ಇನ್ನೂ ಸುಮಾರು 12 ಲಕ್ಷ ಕಾರುಗಳನ್ನ ಕರೆದವು: ಸಾಂಟಾ ಫೆ ಸ್ಪೋರ್ಟ್, ಆಪ್ಟಿಮಾ, ಸೊರೆಂಟೋ, ಸ್ಪೋರ್ಟೇಜ್ ಎಲ್ಲ ಬಂತು. ಕೊರಿಯಾದಲ್ಲೂ ಅದೇ ವರ್ಷ ಏಪ್ರಿಲ್‌ನಲ್ಲಿ ರೀಕಾಲ್ ಆಯ್ತು. ನಡುವಿನ ಆ ಒಂದೂವರೆ ವರ್ಷದಲ್ಲಿ ಏನಾಯ್ತು ಅನ್ನೋದೇ ಈ ಕಥೆಯ ಹೃದಯ.

ಕಿಮ್ ಗ್ವಾಂಗ್-ಹೋ ಅಂತ ಒಬ್ಬ ಎಂಜಿನಿಯರ್. ಹ್ಯುಂಡೈನಲ್ಲಿ ಎರಡು ದಶಕಕ್ಕೂ ಹೆಚ್ಚು ಕೆಲಸ ಮಾಡಿದವರು, ಕಾರಿನ ಗುಣಮಟ್ಟ ನೋಡೋ ವಿಭಾಗದಲ್ಲಿದ್ದವರು. ಕಂಪನಿ ಒಳಗೆ ಗೊತ್ತಿದ್ದದ್ದನ್ನ ಹೊರಗೆ ಹೇಳ್ತಿಲ್ಲ ಅಂತ ಅವರಿಗೆ ಅನ್ನಿಸ್ತು. 2016ರ ಆಗಸ್ಟಿನಲ್ಲಿ ಕಂಪನಿಯ ಒಳಗಿನ ದಾಖಲೆ ಹಿಡ್ಕೊಂಡು ವಾಷಿಂಗ್ಟನ್‌ಗೆ ಹೋಗಿ, ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಗೆ, ಅಂದ್ರೆ ಎನ್‌ಎಚ್‌ಟಿಎಸ್‌ಎಗೆ ಕೊಟ್ಟರು. ಅದೇ ವರ್ಷ ನವೆಂಬರಿನಲ್ಲಿ ಕೆಲಸ ಹೋಯ್ತು. ಗುಟ್ಟಿನ ದಾಖಲೆ ಹೊರಗೆ ತಂದರು ಅಂತ ಕಂಪನಿ ಪೊಲೀಸ್ ದೂರನ್ನೂ ಕೊಟ್ಟಿತು.

2020ರ ನವೆಂಬರಿನಲ್ಲಿ ಇಲಾಖೆಯ ತೀರ್ಮಾನ ಬಂತು. ರೀಕಾಲ್ ಮಾಡೋದರಲ್ಲಿ ತಡ ಮಾಡಿದ್ದಕ್ಕೆ, ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ಹ್ಯುಂಡೈಗೆ 14 ಕೋಟಿ ಡಾಲರ್, ಕಿಯಾಗೆ 7 ಕೋಟಿ ಡಾಲರ್. ಇದರಲ್ಲಿ ಕೈಯಿಂದ ಕೂಡಲೇ ಕಟ್ಟಬೇಕಾಗಿದ್ದು 5.4 ಕೋಟಿ ಮತ್ತು 2.7 ಕೋಟಿ. ಉಳಿದದ್ದರಲ್ಲಿ ಒಂದಷ್ಟು ಸುರಕ್ಷತೆ ಕೆಲಸಕ್ಕೇ ಖರ್ಚು ಮಾಡಬೇಕು, ಇನ್ನೊಂದಷ್ಟು ಮತ್ತೆ ತಪ್ಪಿದರೆ ಕಟ್ಟಬೇಕು ಅಂತ. ಮಾರನೇ ವರ್ಷ, 2021ರ ನವೆಂಬರಿನಲ್ಲಿ, ಕಿಮ್ ಅವರಿಗೆ 2.4 ಕೋಟಿ ಡಾಲರಿಗೂ ಹೆಚ್ಚು ಬಹುಮಾನ ಬಂತು. ಆ ಇಲಾಖೆ ಯಾರಿಗಾದರೂ ಹೀಗೆ ದುಡ್ಡು ಕೊಟ್ಟಿದ್ದು ಅದೇ ಮೊದಲು. ಲೆಕ್ಕ ಮಾಡಿ ನೋಡಿ: ವಸೂಲಾದ 8.1 ಕೋಟಿಯಲ್ಲಿ ಶೇಕಡಾ 30. ಅಮೆರಿಕದ 2015ರ ಕಾನೂನಿನಲ್ಲಿ ಗುಟ್ಟು ಹೊರಗೆ ತಂದವರಿಗೆ ಶೇಕಡಾ 10ರಿಂದ 30ರ ತನಕ ಕೊಡಬಹುದು ಅಂತಿದೆ. ಮೇಲಿನ ತುದಿಯನ್ನೇ ಕೊಟ್ಟರು.

ನನ್ನ ಓದು ಸಿಗ್ನಲ್ ಪ್ರೊಸೆಸಿಂಗ್, ಅದಕ್ಕೇ ಮುಂದಿನ ಭಾಗ ನನಗೆ ತುಂಬ ಇಷ್ಟ. ಲಕ್ಷಾಂತರ ಎಂಜಿನ್‌ಗಳನ್ನ ಬಿಚ್ಚಿ ಬೇರಿಂಗ್ ನೋಡೋದು ಆಗೋ ಮಾತಲ್ಲ. ಹಾಗಾಗಿ ಕಂಪನಿ ಒಂದು ಸಾಫ್ಟ್‌ವೇರ್ ಅಪ್‌ಡೇಟ್ ತಂತು. ಹೆಸರು ನಾಕ್ ಸೆನ್ಸರ್ ಡಿಟೆಕ್ಷನ್ ಸಿಸ್ಟಮ್. ಹೊಸ ಹಾರ್ಡ್‌ವೇರ್ ಏನೂ ಇಲ್ಲ. ಪೆಟ್ರೋಲ್ ಎಂಜಿನ್ ಬ್ಲಾಕಿನ ಮೇಲೆ ಮೊದಲಿಂದಲೂ ನಾಕ್ ಸೆನ್ಸರ್ ಅಂತ ಒಂದು ಇರುತ್ತೆ. ಇಂಧನ ಅಡ್ಡಾದಿಡ್ಡಿಯಾಗಿ ಸಿಡಿದಾಗ ಆಗೋ ನಡುಕವನ್ನ ಕೇಳಿಸಿಕೊಂಡು ಕಂಪ್ಯೂಟರಿಗೆ ಹೇಳೋದು ಅದರ ಕೆಲಸ. ವೈದ್ಯರ ಸ್ಟೆತೊಸ್ಕೋಪ್ ಅಂದ್ಕೊಳ್ಳಿ. ಅದೇ ಸ್ಟೆತೊಸ್ಕೋಪಿನಲ್ಲಿ ಈಗ ಬೇರಿಂಗ್ ಸವೆತದ ಸದ್ದನ್ನೂ ಹುಡುಕೋಣ ಅಂತ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಯಿಸಿದರು. ಆ ನಮೂನೆಯ ನಡುಕ ಸಿಕ್ಕಿದ್ರೆ ಚೆಕ್ ಎಂಜಿನ್ ದೀಪ ಮಿನುಗುತ್ತೆ, ಬೀಪ್ ಸದ್ದು ಬರುತ್ತೆ, ಎಂಜಿನ್ನಿನ ಶಕ್ತಿಯನ್ನ ತಾನೇ ಇಳಿಸಿ ನಿಧಾನವಾಗಿ ಮಾತ್ರ ಹೋಗೋಕೆ ಬಿಡುತ್ತೆ. ರಾಡು ಮುರಿಯೋಕೆ ಮುಂಚೆ ನೀವು ಪಕ್ಕಕ್ಕೆ ತಗೊಳ್ಳಲಿ ಅಂತ.

ಐಡಿಯಾ ಜಾಣತನದ್ದೇ. ಆದ್ರೆ ಇದರಲ್ಲಿ ಒಂದು ಇಕ್ಕಟ್ಟಿದೆ, ಅಲರ್ಟ್ ಬರೆಯೋ ಯಾವ ಎಂಜಿನಿಯರಿಗೂ ಗೊತ್ತಿರೋದು. ಗಡಿಯನ್ನ ತುಂಬ ಕೆಳಗೆ ಇಟ್ಟರೆ ಆರೋಗ್ಯವಾಗಿರೋ ಎಂಜಿನ್ ಕೂಡ ಹೈವೇ ನಡುವೆ ಶಕ್ತಿ ಕಳ್ಕೊಳ್ಳುತ್ತೆ, ಅದೂ ಅಪಾಯವೇ. ತುಂಬ ಮೇಲೆ ಇಟ್ಟರೆ ಎಚ್ಚರಿಕೆ ಬರೋ ಹೊತ್ತಿಗೆ ರಾಡು ಹೊರಗೆ ಬಂದಿರುತ್ತೆ. ಮತ್ತೆ, ಸಾಫ್ಟ್‌ವೇರ್ ಬೇರಿಂಗನ್ನ ರಿಪೇರಿ ಮಾಡಲ್ಲ. ಅದು ಮನೆಯ ಸ್ಮೋಕ್ ಅಲಾರ್ಮ್ ಇದ್ದ ಹಾಗೆ. ಹಾಗಾಗಿ ಕಂಪನಿ ಇದರ ಜೊತೆ ಎಂಜಿನ್ನಿನ ಕೆಳಭಾಗಕ್ಕೆ ಜೀವನಪರ್ಯಂತ ವಾರಂಟಿ ಕೊಡ್ತು ಅನ್ನೋದೇ ನನ್ನ ಪ್ರಕಾರ ನಿಜವಾದ ಪರಿಹಾರ. 2019ರ ಅಕ್ಟೋಬರಿನಲ್ಲಿ ಗ್ರಾಹಕರ ಮೊಕದ್ದಮೆ ಇತ್ಯರ್ಥ ಆದಾಗ ಬಂದ ಮಾತು ಅದು. ಷರತ್ತು ಏನಂದ್ರೆ ಆ ಅಪ್‌ಡೇಟ್ ಹಾಕಿಸಿರಬೇಕು.

ಅದಕ್ಕೆ ಮುಂಚೆ ಮಾಲೀಕರು ಪಟ್ಟ ಪಾಡು ಬೇರೆ. ಎಂಜಿನ್ ಹೋಯ್ತು ಅಂತ ಡೀಲರ್ ಹತ್ರ ಹೋದ್ರೆ, ಆಯಿಲ್ ಬದಲಾಯಿಸಿದ ರಸೀದಿ ತೋರಿಸಿ ಅನ್ನೋರು. ಎರಡನೇ, ಮೂರನೇ ಮಾಲೀಕರ ಹತ್ರ ಹಳೇ ರಸೀದಿ ಎಲ್ಲಿಂದ ಬರಬೇಕು? ಸಾವಿರಾರು ಡಾಲರಿನ ಎಂಜಿನ್ ಕೈಯಿಂದಲೇ. ರಸೀದಿಗಳನ್ನ ಫೋಟೋ ತೆಗೆದು ಒಂದು ಫೋಲ್ಡರಿನಲ್ಲಿ ಇಡಿ ಅಂತ ನಾನು ಪ್ರತಿ ಸಲ ಕೊರೆಯೋದು ಇದಕ್ಕೇ.

ಈಗ ಶೀರ್ಷಿಕೆಯ ಪ್ರಶ್ನೆ. ಇಷ್ಟು ಹೊತ್ತು ಹೇಳಿದ್ದು ಓಡೋ ಕಾರಿನ ಬೆಂಕಿ. 2023ರ ಸೆಪ್ಟೆಂಬರಿನಲ್ಲಿ ಇದೇ ಎರಡು ಕಂಪನಿ ಅಮೆರಿಕದಲ್ಲಿ 33.7 ಲಕ್ಷ ಕಾರುಗಳನ್ನ ಕರೆದವು, ಈ ಸಲ ಕಾರಣ ಪೂರ್ತಿ ಬೇರೆ. ಎಬಿಎಸ್ ಬ್ರೇಕಿನ ನಿಯಂತ್ರಣ ಪೆಟ್ಟಿಗೆ ಎಂಜಿನ್ ಕೋಣೆಯಲ್ಲಿರುತ್ತೆ. ಅದರೊಳಗೆ ಬ್ರೇಕ್ ಆಯಿಲ್ ಸೋರಿ ವಿದ್ಯುತ್ ಭಾಗಕ್ಕೆ ಮುಟ್ಟಿದ್ರೆ ಶಾರ್ಟ್ ಸರ್ಕ್ಯೂಟ್. ಕೀ ತೆಗೆದು ಮನೆಯೊಳಗೆ ಹೋದ್ಮೇಲೂ ಆ ಪೆಟ್ಟಿಗೆಗೆ ಬ್ಯಾಟರಿಯಿಂದ ಕರೆಂಟ್ ಹೋಗ್ತಾನೇ ಇರುತ್ತೆ. ಹೌದು, ನಿಲ್ಲಿಸಿದ ಕಾರಿಗೂ ಬೆಂಕಿ ಹತ್ತಬಹುದು. ಅದಕ್ಕೇ ಮಾಲೀಕರಿಗೆ ಬಂದ ಸೂಚನೆ: ರಿಪೇರಿ ಆಗೋ ತನಕ ಕಾರನ್ನ ಗ್ಯಾರೇಜಿನಲ್ಲಿ ಬೇಡ, ಕಟ್ಟಡದಿಂದ ದೂರ, ಬಯಲಲ್ಲಿ ನಿಲ್ಲಿಸಿ.

ಓದೋಕೆ ಸುಲಭ. ಠಾಣೆಯಲ್ಲೋ ವೇಳಚೇರಿಯಲ್ಲೋ ಬೇಸ್‌ಮೆಂಟ್ ಬಿಟ್ಟು ಬೇರೆ ಜಾಗವೇ ಇಲ್ಲದವರಿಗೆ ಇಂಥ ಸೂಚನೆ ಬಂದ್ರೆ ಏನು ಮಾಡೋದು, ಯೋಚನೆ ಮಾಡಿ. ಹ್ಯುಂಡೈ ಕೊಟ್ಟ ರಿಪೇರಿ ಏನು ಗೊತ್ತಾ? ಕಡಿಮೆ ಆಂಪಿಯರಿನ ಹೊಸ ಫ್ಯೂಸ್. ತಂತಿಯಲ್ಲಿ ಹುಟ್ಟೋ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ, ಕರೆಂಟ್ ಅರ್ಧ ಆದ್ರೆ ಬಿಸಿ ಕಾಲು ಭಾಗ. ಹಾಗಾಗಿ ಫ್ಯೂಸ್ ಬೇಗ ಸುಟ್ಟರೆ ಬೆಂಕಿ ತಪ್ಪುತ್ತೆ ಅನ್ನೋದು ಭೌತಶಾಸ್ತ್ರದಲ್ಲಿ ಸರಿಯೇ. ಆದ್ರೆ ಸೋರಿಕೆ ಹಾಗೇ ಉಳೀತಲ್ಲ! ಲಕ್ಷಾಂತರ ಕಾರಿಗೆ ಬೇಗ ಮಾಡೋಕೆ ಫ್ಯೂಸೇ ದಾರಿ ಅಂತ ನಾನೂ ಒಪ್ತೀನಿ, ಆದ್ರೂ ಅದನ್ನ ಪೂರ್ತಿ ರಿಪೇರಿ ಅಂತ ಕರೆಯೋಕೆ ಮನಸ್ಸು ಬರಲ್ಲ.

ಇಲ್ಲಿಂದ ಭಾರತಕ್ಕೆ ಬರೋಣ. 2010ರಲ್ಲಿ ಕೆಲವು ನ್ಯಾನೋ ಕಾರುಗಳಿಗೆ ಬೆಂಕಿ ಬಿದ್ದಾಗ ಟಾಟಾ ಮೋಟಾರ್ಸ್ ಎಗ್ಸಾಸ್ಟಿಗೂ ವಿದ್ಯುತ್ ವ್ಯವಸ್ಥೆಗೂ ಹೆಚ್ಚಿನ ರಕ್ಷಣೆಯನ್ನ ಉಚಿತವಾಗಿ ಹಾಕಿಕೊಡ್ತೀವಿ ಅಂತು. ಆದ್ರೆ ಇದು ರೀಕಾಲ್ ಅಲ್ಲ ಅಂತಲೂ ಹೇಳ್ತು. ಆಗ ನಮ್ಮಲ್ಲಿ ರೀಕಾಲ್ ಅನ್ನೋದಕ್ಕೆ ಕಾನೂನಿನ ಅರ್ಥವೇ ಇರಲಿಲ್ಲ. 2012ರಲ್ಲಿ ತಯಾರಕರ ಸಂಘ ಸಿಯಾಮ್ ಸ್ವಯಂಪ್ರೇರಿತ ನಿಯಮ ಮಾಡಿಕೊಂಡಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110ಎ ಕಲಮು ಸರ್ಕಾರಕ್ಕೆ ರೀಕಾಲ್ ಆದೇಶ ಮಾಡೋ ಅಧಿಕಾರ ಕೊಡ್ತು, 2021ರ ಏಪ್ರಿಲ್ 1ರಿಂದ ನಿಯಮಗಳು ಜಾರಿಗೆ ಬಂದವು. ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯ, ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿ ತನಕ. ಕಂಪನಿ ತಾನೇ ದೋಷ ಗಮನಿಸಿ, ಸರ್ಕಾರಕ್ಕೆ ತಿಳಿಸಿ ರೀಕಾಲ್ ಮಾಡಿದ್ರೆ ದಂಡ ಇಲ್ಲ.

ಆದೇಶ ಹೊರಡೋಕೆ ಮೂರು ಬಾಗಿಲು: ಇಷ್ಟು ಪ್ರಮಾಣದ ಮಾಲೀಕರ ದೂರು, ಪರೀಕ್ಷಾ ಸಂಸ್ಥೆಯ ವರದಿ, ಅಥವಾ ಬೇರೆ ಮೂಲ. ಮೊದಲನೇ ಬಾಗಿಲಿನ ಬಗ್ಗೆ ನನಗೆ ತಕರಾರಿದೆ. ಬ್ರೇಕ್ ಕಿರುಚುತ್ತೆ ಅನ್ನೋ ದೋಷಕ್ಕೆ ದೂರು ಎಣಿಸೋದು ಸರಿ. ಬೆಂಕಿ ಹಾಗಲ್ಲ. 2023ರ ರೀಕಾಲಿನಲ್ಲಿ ಹ್ಯುಂಡೈನ ಪಾಲು 16.4 ಲಕ್ಷ ಕಾರು. ವರದಿಯಾಗಿದ್ದು 21 ಬೆಂಕಿ, ಇನ್ನೂ 22 ಕಡೆ ಕರಗಿದ್ದು, ಹೊಗೆ ಬಂದಿದ್ದು. 38 ಸಾವಿರಕ್ಕೆ ಒಂದು. ಪ್ರಮಾಣ ನೋಡಿಕೊಂಡು ಕೂತ್ರೆ ಈ ಬಾಗಿಲು ಯಾವತ್ತೂ ತೆರೆಯಲ್ಲ. ಬೆಂಕಿ ಪ್ರಕರಣ ಎರಡು ಮೂರನೇ ಬಾಗಿಲಿಂದಲೇ ಬರಬೇಕು. ಅಂದ್ರೆ ಕಿಮ್ ಅಂಥವರಿಂದ, ಪತ್ರಿಕೆಯಿಂದ, ಅಗ್ನಿಶಾಮಕ ದಳದ ವರದಿಯಿಂದ.

ಕೊನೆಗೆ ನಿಮ್ಮ ಕೈಲಿ ಆಗೋದು. ನಿಮ್ಮ ಆರ್‌ಸಿಯಲ್ಲಿರೋ 17 ಅಕ್ಷರದ ಚಾಸಿ ನಂಬರನ್ನ ಕಂಪನಿಯ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಹಾಕಿ ನೋಡಿ, ವರ್ಷಕ್ಕೆರಡು ಸಲ ಸಾಕು. ಸೆಕೆಂಡ್ ಹ್ಯಾಂಡ್ ಕೊಂಡಿದ್ರೆ ಇದು ಇನ್ನೂ ಮುಖ್ಯ, ಯಾಕಂದ್ರೆ ಕಂಪನಿಯ ಮೆಸೇಜು ಹೋಗ್ತಿರೋದು ಹಳೇ ಮಾಲೀಕರ ಫೋನಿಗೆ. ಅಮೆರಿಕದಲ್ಲಿರೋ ನಿಮ್ಮ ತಮ್ಮನಿಗೂ ಹೇಳಿ: ಅಲ್ಲಿ ರೀಕಾಲ್ ಬಾಕಿ ಇರೋ ಹೊಸ ಕಾರು ಮಾರೋ ಹಾಗಿಲ್ಲ, ಹಳೇ ಕಾರಿಗೆ ಆ ಕೇಂದ್ರ ಕಾನೂನು ಇಲ್ಲ. ಎನ್‌ಎಚ್‌ಟಿಎಸ್‌ಎ ಪುಟದಲ್ಲಿ ನಂಬರ್ ಹಾಕಿ ನೋಡೋದು ಅವನದ್ದೇ ಕೆಲಸ.

ಓಡಿಸುವಾಗ ಸುಟ್ಟ ಎಣ್ಣೆ ವಾಸನೆ ಬಂದ್ರೆ, ಆಯಿಲ್ ದೀಪ ಹತ್ತಿದ್ರೆ, ಟಕ್ ಟಕ್ ಸದ್ದು ವೇಗದ ಜೊತೆ ಏರಿದ್ರೆ, ಮನೆ ತಲುಪೋಣ ಅಂತ ಓಡಿಸಬೇಡಿ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಎಲ್ಲರನ್ನೂ ಇಳಿಸಿ ದೂರ ಹೋಗಿ, 112ಕ್ಕೆ ಕರೆ ಮಾಡಿ. ಹೊಗೆ ಬರ್ತಿರುವಾಗ ಬಾನೆಟ್ ಎತ್ತಬೇಡಿ. ಎತ್ತಿದ ತಕ್ಷಣ ಒಳಗೆ ಗಾಳಿ ನುಗ್ಗಿ, ಹೊಗೆಯಾಡ್ತಿದ್ದದ್ದು ನಿಮ್ಮ ಮುಖದ ಮುಂದೆಯೇ ಭುಗಿಲ್ ಅನ್ನಬಹುದು.

ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿಗಳ ಬೆಂಕಿ ಇದಕ್ಕಿಂತ ತೀರ ಬೇರೆ ಕಥೆ, ಅದು ಮುಂದಿನ ವಿಡಿಯೋದಲ್ಲಿ.