ಕೊನೆಯ ರೇಸಿಗೆ ಮುಂಚೆ ಕುಲಾವಿ: ಚಾಂಪಿಯನ್ ಯಾರೆಂದು ಮೊದಲೇ ಹೇಳಬಹುದೇ?



ಅಕ್ಟೋಬರ್ ಬಂತೆಂದರೆ ನಮ್ಮ ಸಂಘದವರಿಗೆಲ್ಲ ದಸರಾ, ದೀಪಾವಳಿ, ಅದರ ಬೆನ್ನಿಗೇ ರಾಜ್ಯೋತ್ಸವದ ಗಡಿಬಿಡಿ. ಹಾಲ್ ಬುಕ್ ಆಯಿತೇ, ಬಿಸಿಬೇಳೆ ಭಾತ್ ಯಾರ ಜವಾಬ್ದಾರಿ, ಮಕ್ಕಳ ಡ್ಯಾನ್ಸಿಗೆ ಯಾವ ಹಾಡು! ಇದೇ ಹೊತ್ತಿಗೆ ಆಫೀಸಿನ ಕಾಫಿ ಮಶೀನಿನ ಪಕ್ಕದಲ್ಲಿ ಜರ್ಮನ್ ಸಹೋದ್ಯೋಗಿಗಳ ಮಾತೇ ಬೇರೆ: "ಈ ಸಲ ಡಿಟಿಎಮ್ ಯಾರಿಗೆ?" ಅಲ್ಲಿಗೆ ಒಂದು ಟಿಪ್‌ಶ್ಪೀಲ್ ಶುರು. ಅಂದರೆ, ಯಾರು ಗೆಲ್ಲುತ್ತಾರೆಂದು ಎಲ್ಲರೂ ಮೊದಲೇ ಬರೆದಿಟ್ಟು, ಆಮೇಲೆ ಯಾರ ಊಹೆ ಸರಿಯಾಯಿತೆಂದು ನೋಡುವ ಆಟ. ಫುಟ್‌ಬಾಲ್ ವಿಶ್ವಕಪ್ ಸಮಯದಲ್ಲಿ ನೀವೂ ಇದಕ್ಕೆ ಸಿಕ್ಕಿಬಿದ್ದಿರುತ್ತೀರಿ.

ನಮಗಿದು ಹೊಸದೇನಲ್ಲ ಬಿಡಿ. ಕಂಬಳದ ಗದ್ದೆಯ ಬದಿಯಲ್ಲಿ ನಿಂತು "ಈ ಸಲ ಆ ಜೋಡಿಯೇ" ಎಂದು ಪಣ ತೊಟ್ಟವರ ವಂಶ ನಮ್ಮದು! ಆದರೆ ಇಡೀ ವರ್ಷ ನಡೆದ ಸರಣಿಯ ಫಲಿತಾಂಶ ಕೊನೆಯ ಒಂದು ವಾರಾಂತ್ಯದಲ್ಲಿ ತೀರ್ಮಾನವಾಗುವಾಗ ಅದನ್ನು ಮುಂಚಿತವಾಗಿ ಹೇಳಲು ಸಾಧ್ಯವೇ? ಎಂಜಿನಿಯರಿಂಗ್ ಓದಿ, ದಿನವಿಡೀ ಕೋಡ್ ಬರೆಯುವ ನನ್ನಂಥವನಿಗೆ ಈ ಪ್ರಶ್ನೆ ಬಿಟ್ಟರೂ ಬಿಡದ ಮಾಯೆ. ಬನ್ನಿ, ಸ್ವಲ್ಪ ಲೆಕ್ಕ ಹಾಕೋಣ.

ಏನಿದು ಡಿಟಿಎಮ್?

ಅಮೆರಿಕದಲ್ಲಿರುವ ನಮ್ಮ ನೆಂಟರಿಷ್ಟರಿಗೆ ನಾಸ್ಕಾರ್ ಗೊತ್ತು. ಅಂಗಡಿಯ ಸ್ಟಾಕಿನಲ್ಲಿ ಸಿಗುವಂಥ ಕಾರನ್ನೇ ರೇಸಿಗೆ ಇಳಿಸುತ್ತಿದ್ದುದರಿಂದ ಅದಕ್ಕೆ 'ಸ್ಟಾಕ್ ಕಾರ್' ರೇಸ್ ಎಂದು ಹೆಸರು. ಜರ್ಮನಿಯಲ್ಲಿ ಅದಕ್ಕೆ ಹತ್ತಿರದ ಸಂಬಂಧಿ ಡಿಟಿಎಮ್. 1984ರಲ್ಲಿ ಶುರುವಾದಾಗ ಇದರ ಹೆಸರಿನಲ್ಲೇ 'ಪ್ರೊಡಕ್ಷನ್ ಕಾರ್' ಎಂಬ ಪದವಿತ್ತು. 1996ರ ನಂತರ ನಿಂತುಹೋಗಿ, 2000ದಲ್ಲಿ ಮತ್ತೆ ಹುಟ್ಟಿತು. 2021ರಿಂದ ಜಿಟಿ3 ಕಾರುಗಳು ಓಡುತ್ತಿವೆ. 2023ರಿಂದ ಇದನ್ನು ನಡೆಸುತ್ತಿರುವುದು ಎಡಿಎಸಿ. ಹೌದು, ಹೆದ್ದಾರಿಯಲ್ಲಿ ನಮ್ಮ ಕಾರು ಕೆಟ್ಟು ನಿಂತಾಗ ಹಳದಿ ಗಾಡಿ ಕಳಿಸುವ ಅದೇ ಎಡಿಎಸಿ!

ಸರಣಿಯ ಕೊನೆಯ ಸುತ್ತು ಸಾಮಾನ್ಯವಾಗಿ ನಡೆಯುವುದು ಹಾಕನ್‌ಹೈಮ್‌ನಲ್ಲಿ. ವಾಲ್‌ಡೋರ್ಫ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ನಮ್ಮವರಿಗೆ ಇದು ಹತ್ತು ಕಿಲೋಮೀಟರ್ ಆಸುಪಾಸು. ಹೈಡಲ್‌ಬರ್ಗ್ ಕೋಟೆ ತೋರಿಸಲು ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವಾಗ ಆ ಬೋರ್ಡನ್ನು ಎಷ್ಟು ಸಲ ದಾಟಿದ್ದೀರೋ!

ಮೊದಲ ಹೆಜ್ಜೆ: ಕಣದಲ್ಲಿ ಇನ್ನೂ ಯಾರಿದ್ದಾರೆ?

ಡಿಟಿಎಮ್‌ನಲ್ಲಿ ಒಂದು ವಾರಾಂತ್ಯಕ್ಕೆ ಎರಡು ರೇಸ್, ಶನಿವಾರ ಒಂದು, ಭಾನುವಾರ ಒಂದು. ಎಡಿಎಸಿ ಬಂದ ಮೇಲಿನ ಪದ್ಧತಿಯಲ್ಲಿ ಗೆದ್ದವರಿಗೆ 25 ಅಂಕ, ಎರಡನೆಯವರಿಗೆ 20, ಆಮೇಲೆ 16, 13, 11, ಹೀಗೆ ಇಳಿಯುತ್ತಾ ಹದಿನೈದನೆಯವರಿಗೆ 1. ಅರ್ಹತಾ ಸುತ್ತಿನ ಮೊದಲ ಮೂವರಿಗೆ 3, 2, 1. ಅಂದರೆ ಒಂದು ರೇಸಿನಲ್ಲಿ ಹೆಚ್ಚೆಂದರೆ 28, ವಾರಾಂತ್ಯಕ್ಕೆ 56.

ಒಂದು ಉದಾಹರಣೆ ನೋಡಿ. ಕೊನೆಯ ವಾರಾಂತ್ಯಕ್ಕೆ ಬಂದಾಗ ರಾಮನಿಗೆ 180, ಭೀಮನಿಗೆ 170, ಸೋಮನಿಗೆ 150 ಅಂಕ ಎಂದಿಟ್ಟುಕೊಳ್ಳಿ. ಸೋಮ ಎರಡೂ ರೇಸ್ ಗೆದ್ದು, ಎರಡರಲ್ಲೂ ಮೊದಲ ಸ್ಥಾನದಿಂದ ಹೊರಟರೆ 206. ರಾಮ ಎರಡರಲ್ಲೂ ಐದನೆಯವನಾದರೆ 202. ಸೋಮ ಮುಂದೆ! ಆದರೆ ನಡುವಿನ ಭೀಮ ಎರಡು ಸಲ ಎರಡನೆಯವನಾದರೂ 210 ಆಗಿಬಿಡುತ್ತದೆ. ಅಂದರೆ ಸೋಮ ಮಾಡಬಹುದಾದ್ದನ್ನೆಲ್ಲ ಮಾಡಿಯೂ ಸೋಲುತ್ತಾನೆ. ಇಲ್ಲಿಂದ ಮೊದಲ ಪಾಠ: "ಯಾರು ಗೆಲ್ಲುತ್ತಾರೆ" ಎಂಬುದೊಂದೇ ಪ್ರಶ್ನೆಯಲ್ಲ, "ಉಳಿದವರು ಎಷ್ಟನೆಯವರಾಗುತ್ತಾರೆ" ಎಂಬುದೂ ಅಷ್ಟೇ ಮುಖ್ಯ. ಗೆಲುವೇ ಎಲ್ಲ ಅಲ್ಲ ಎನ್ನುವುದಕ್ಕೆ ಡಿಟಿಎಮ್‌ನ ಮೊಟ್ಟಮೊದಲ ಚಾಂಪಿಯನ್ನೇ ಸಾಕ್ಷಿ. 1984ರಲ್ಲಿ ಬಿಎಂಡಬ್ಲ್ಯು ಓಡಿಸಿದ ಫೋಲ್ಕರ್ ಷ್ಟ್ರಿಚೆಕ್ ಇಡೀ ವರ್ಷದಲ್ಲಿ ಒಂದೂ ರೇಸ್ ಗೆಲ್ಲದೆ ಚಾಂಪಿಯನ್ ಆದರು!

ಫಾರ್ಮ್ ನಂಬಿದರೆ ಸಾಕೇ?

ಕ್ರಿಕೆಟ್ ನೋಡಿ ಬೆಳೆದ ನಮಗೆ ಮೊದಲು ಹೊಳೆಯುವುದು ಫಾರ್ಮ್. "ಕಳೆದ ನಾಲ್ಕು ಮ್ಯಾಚ್‌ನಲ್ಲಿ ಹೊಡೆದಿದ್ದಾನೆ, ಇವತ್ತೂ ಹೊಡೆಯುತ್ತಾನೆ."

2018ನ್ನು ನೋಡಿ. ಔಡಿಯ ರೆನೆ ರಾಸ್ಟ್ ಸೀಸನ್ನಿನ ಕೊನೆಯ ಆರೂ ರೇಸ್ ಗೆದ್ದರು. ಒಂದಲ್ಲ, ಎರಡಲ್ಲ, ಸತತವಾಗಿ ಆರು. ಫಾರ್ಮ್ ನೋಡಿ ಊಹಿಸಿದವರೆಲ್ಲ ಕಣ್ಣು ಮುಚ್ಚಿ ಅವರ ಹೆಸರನ್ನೇ ಬರೆಯಬೇಕು. ಆದರೆ ಚಾಂಪಿಯನ್ ಆದದ್ದು ಮರ್ಸಿಡಿಸ್‌ನ ಗ್ಯಾರಿ ಪ್ಯಾಫೆಟ್: 255ಕ್ಕೆ 251. ವರ್ಷದ ಆರಂಭದಲ್ಲಿ ರಾಸ್ಟ್ ಕಳೆದುಕೊಂಡ ಅಂಕಗಳನ್ನು ಆರು ಗೆಲುವುಗಳೂ ತುಂಬಿಕೊಡಲಿಲ್ಲ. ಪ್ಯಾಫೆಟ್ ಕಥೆಗೂ ಇನ್ನೊಂದು ಮುಖವಿದೆ. 2012ರಲ್ಲಿ ಪಟ್ಟಿಯ ತುದಿಯಲ್ಲಿದ್ದುಕೊಂಡು ಹಾಕನ್‌ಹೈಮ್‌ಗೆ ಬಂದವರು ಅವರೇ. ಆ ದಿನ ಬ್ರೂನೊ ಸ್ಪೆಂಗ್ಲರ್ ರೇಸ್ ಗೆದ್ದು 149-145ರಿಂದ ಪಟ್ಟ ಕಿತ್ತುಕೊಂಡರು. ಅದೇ ಟ್ರ್ಯಾಕು, ಅದೇ ನಾಲ್ಕು ಅಂಕದ ಅಂತರ. ಒಮ್ಮೆ ಕಣ್ಣೀರು, ಇನ್ನೊಮ್ಮೆ ಕಪ್ಪು!

ಇದು ಒಬ್ಬನ ಓಟವಲ್ಲ

ಎರಡನೆಯ ಪಾಠಕ್ಕೆ ನ್ಯೂರ್ನ್‌ಬರ್ಗ್‌ಗೆ ಹೋಗೋಣ. 2021ರ ಕೊನೆಯ ರೇಸ್ ಅಲ್ಲಿನ ನೋರಿಸ್‌ರಿಂಗ್ ಎಂಬ ಬೀದಿ ಟ್ರ್ಯಾಕಿನಲ್ಲಿ ನಡೆಯಿತು. ಅಂಕಪಟ್ಟಿಯಲ್ಲಿ ಮುಂದಿದ್ದವರು ನ್ಯೂಜಿಲೆಂಡಿನ 19 ವರ್ಷದ ಲಿಯಮ್ ಲಾಸನ್. ಕೊನೆಯ ರೇಸಿಗೆ ಮೊದಲ ಸ್ಥಾನದಿಂದ ಹೊರಟವರೂ ಅವರೇ. ಯಾವ ಕಂಪ್ಯೂಟರಿಗೆ ಕೇಳಿದ್ದರೂ ಅವರ ಹೆಸರನ್ನೇ ಹೇಳುತ್ತಿತ್ತು.

ಮೊದಲನೇ ತಿರುವಿನಲ್ಲೇ ಇನ್ನೊಬ್ಬ ಪ್ರತಿಸ್ಪರ್ಧಿ ಕೆಲ್ವಿನ್ ಫಾನ್ ಡೆರ್ ಲಿಂಡೆ ಅವರ ಕಾರು ಬಂದು ಲಾಸನ್ ಕಾರಿಗೆ ಗುದ್ದಿತು. ಅಲ್ಲಿಗೆ ಲಾಸನ್ ಆಸೆ ಮುಗಿದಂತೆಯೇ. ಆದರೂ ಮರ್ಸಿಡಿಸ್‌ನ ಮ್ಯಾಕ್ಸಿಮಿಲಿಯನ್ ಗೋಟ್ಸ್ ಆ ರೇಸ್ ಗೆಲ್ಲದಿದ್ದರೆ ಪಟ್ಟ ಲಾಸನ್‌ದೇ ಆಗುತ್ತಿತ್ತು. ಆಗ ಗೋಟ್ಸ್‌ಗಿಂತ ಮುಂದಿದ್ದ ಮರ್ಸಿಡಿಸ್ ಚಾಲಕರಾದ ಲೂಕಾಸ್ ಔವರ್ ಮತ್ತು ಫಿಲಿಪ್ ಎಲಿಸ್ ದಾರಿ ಬಿಟ್ಟುಕೊಟ್ಟರು. ಗೋಟ್ಸ್ ಗೆದ್ದರು: 230ಕ್ಕೆ 227. ಹುಡುಗ ಲಾಸನ್ ಮೂರು ಅಂಕದಿಂದ ಪಟ್ಟ ಕಳೆದುಕೊಂಡ. ಇದು ನ್ಯಾಯವೇ ಎಂಬ ಚರ್ಚೆ ಜರ್ಮನಿಯಲ್ಲಿ ಬಹಳ ದಿನ ನಡೆಯಿತು.

ಹಾಗಾಗಿ ಊಹೆ ಮಾಡುವವರು ಕೇಳಬೇಕಾದ ಪ್ರಶ್ನೆ: ಯಾರಿಗೆ ದಾರಿ ಬಿಡುವ ಸ್ನೇಹಿತರಿದ್ದಾರೆ? ಒಂದೇ ಕಂಪನಿಯ ನಾಲ್ಕೈದು ಕಾರುಗಳಿದ್ದರೆ ಕೊನೆಯ ದಿನ ಅವು ಒಂದೇ ಕುಟುಂಬ.

ತಪ್ಪು ಎದುರಾಳಿಯ ಮೇಲೆ ಕಣ್ಣು

ಮೂರನೆಯದು ಫಾರ್ಮುಲಾ ಒನ್‌ನ ಕಥೆ. ನಮ್ಮ ಫ್ರಾಂಕ್‌ಫರ್ಟ್ ಸುತ್ತಮುತ್ತಲಿನವರಿಗೆ ಹೆಪ್ಪನ್‌ಹೈಮ್ ಊರು ಗೊತ್ತಲ್ಲ? ಅಲ್ಲಿನ ಸೆಬಾಸ್ಟಿಯನ್ ಫೆಟ್ಟೆಲ್ 2010ರ ನವೆಂಬರ್ 14ರಂದು ಅಬುಧಾಬಿಯ ಕೊನೆಯ ರೇಸಿಗೆ ಇಳಿದಾಗ ಪಟ್ಟಿಯಲ್ಲಿ ಮೂರನೆಯವರು. ಅಲೊನ್ಸೊ 246, ವೆಬ್ಬರ್ 238, ಫೆಟ್ಟೆಲ್ 231, ಹ್ಯಾಮಿಲ್ಟನ್ 222. ಆ ಇಡೀ ವರ್ಷದಲ್ಲಿ ಫೆಟ್ಟೆಲ್ ಒಂದು ದಿನವೂ ಪಟ್ಟಿಯ ತುದಿಯಲ್ಲಿರಲಿಲ್ಲ.

ಫೆರಾರಿ ತಂಡದ ಕಣ್ಣು ಎರಡನೇ ಸ್ಥಾನದ ವೆಬ್ಬರ್ ಮೇಲೆ. ವೆಬ್ಬರ್ ಬೇಗ ಟೈರ್ ಬದಲಿಸಿದಾಗ ಅವರಿಗೆ ಅಡ್ಡಗಟ್ಟಲು ಅಲೊನ್ಸೊ ಅವರನ್ನೂ ಒಳಗೆ ಕರೆದರು. ಹೊರಬಂದ ಅಲೊನ್ಸೊ ವಿಟಾಲಿ ಪೆಟ್ರೋವ್ ಹಿಂದೆ ಸಿಕ್ಕಿಕೊಂಡರು, ಕೊನೆವರೆಗೂ ದಾಟಲಾಗಲಿಲ್ಲ. ಇತ್ತ ಫೆಟ್ಟೆಲ್ ಗೆದ್ದು 256, ಅಲೊನ್ಸೊ 252. ತಂಡದಲ್ಲಿ ಅಷ್ಟೊಂದು ಕಂಪ್ಯೂಟರ್, ಅಷ್ಟೊಂದು ಎಂಜಿನಿಯರುಗಳು! ಲೆಕ್ಕ ತಪ್ಪಲಿಲ್ಲ, ಲೆಕ್ಕ ಹಾಕಿದ ಮನುಷ್ಯ ತಪ್ಪಾಗಿತ್ತು.

ಇನ್ನು ಅದೃಷ್ಟ

ಇಷ್ಟೆಲ್ಲ ಗಮನಿಸಿದ ಮೇಲೂ ಕೈಗೆ ಸಿಗದ ಒಂದಂಶ ಉಳಿಯುತ್ತದೆ. ನಾಸ್ಕಾರ್‌ನಲ್ಲಿ 2014ರಿಂದ 2025ರವರೆಗೆ ವಿಚಿತ್ರ ಪದ್ಧತಿಯೊಂದಿತ್ತು. ನಾಲ್ವರು ಕೊನೆಯ ರೇಸಿಗೆ ಸಮಾನವಾಗಿ ಬರುತ್ತಿದ್ದರು, ಆ ನಾಲ್ವರಲ್ಲಿ ಮುಂದೆ ಮುಗಿಸಿದವರೇ ಚಾಂಪಿಯನ್. 2025ರ ನವೆಂಬರ್ 2ರಂದು ಫೀನಿಕ್ಸ್‌ನಲ್ಲಿ ಡೆನ್ನಿ ಹ್ಯಾಮ್ಲಿನ್ 208 ಸುತ್ತು ಮುಂಚೂಣಿಯಲ್ಲಿದ್ದರು. 60 ರೇಸ್ ಗೆದ್ದೂ ಒಮ್ಮೆಯೂ ಪಟ್ಟ ಕಾಣದವರು. ಇನ್ನು ಮೂರೇ ಸುತ್ತು ಬಾಕಿ ಇದ್ದಾಗ ಬೇರೊಬ್ಬರ ಕಾರಿನ ಟೈರ್ ಹೋಗಿ ಎಲ್ಲರೂ ನಿಧಾನವಾಗಬೇಕಾಯಿತು. ಹ್ಯಾಮ್ಲಿನ್ ನಾಲ್ಕೂ ಟೈರ್ ಬದಲಿಸಿದರು, ಕೈಲ್ ಲಾರ್ಸನ್ ಎರಡೇ ಬದಲಿಸಿ ಮುಂದೆ ಬಂದರು. ಆ ದಿನ ಒಂದು ಸುತ್ತೂ ಮುಂಚೂಣಿಯಲ್ಲಿರದ ಲಾರ್ಸನ್ ಚಾಂಪಿಯನ್! ಮರುವರ್ಷಕ್ಕೆ ಆ ಪದ್ಧತಿಯನ್ನೇ ಕೈಬಿಟ್ಟು, ಕೊನೆಯ ಹತ್ತು ರೇಸುಗಳ ಅಂಕ ಕೂಡಿಸುವ ಕ್ರಮಕ್ಕೆ ನಾಸ್ಕಾರ್ ಮರಳಿತು.

ಅದೇ ಅಕ್ಟೋಬರ್‌ನಲ್ಲಿ ಹಾಕನ್‌ಹೈಮ್‌ನಲ್ಲೂ ಹೆಚ್ಚು ಕಡಿಮೆ ಹೀಗೇ. ಅರ್ಧ ಡಜನಿಗೂ ಹೆಚ್ಚು ಮಂದಿಗೆ ಅವಕಾಶವಿದ್ದ ಸೀಸನ್ ಅದು. ಪೋರ್ಷೆಯ ಐಹಾನ್‌ಜಾನ್ ಗುವೆನ್ ಕೊನೆಯ ರೇಸಿನ ಕೊನೆಯ ಸುತ್ತಿನಲ್ಲಿ ಮಾರ್ಕೊ ವಿಟ್‌ಮನ್ ಅವರನ್ನು ದಾಟಿ ಗೆದ್ದು, ಡಿಟಿಎಮ್ ಪಟ್ಟ ಪಡೆದ ಮೊದಲ ಟರ್ಕಿಯವರಾದರು. ಮರುದಿನ ನಮ್ಮ ಬೀದಿಯ ಡೋನರ್ ಅಂಗಡಿಯ ಅಣ್ಣನ ಮುಖ ನೋಡಬೇಕಿತ್ತು!

ಹಾಗಾದರೆ ಊಹೆ ಮಾಡುವುದೇ ಬೇಡವೇ?

ಮಾಡೋಣ, ಆದರೆ ಒಂದು ಹೆಸರು ಬರೆದು ಕೂರುವುದು ಬೇಡ. ಚೌಕಾಬಾರ ಆಡುತ್ತಿದ್ದ ಹುಣಿಸೆ ಬೀಜ ನೆನಪಿದೆಯೇ? ಪ್ರತಿಯೊಬ್ಬರಿಗೂ 100 ಬೀಜ. ಯಾರು ಚಾಂಪಿಯನ್ ಆಗಬಹುದು ಎಂಬ ನಂಬಿಕೆಗೆ ತಕ್ಕಂತೆ ಚಾಲಕರ ಮಧ್ಯೆ ಹಂಚಬೇಕು. ರಾಮನಿಗೆ 50, ಭೀಮನಿಗೆ 30, ಸೋಮನಿಗೆ 20, ಹೀಗೆ.

ಅಂಕ ಕೊಡುವುದು ಹೇಗೆ? ಗೆದ್ದವನ ಮುಂದಿಟ್ಟ ಬೀಜದಷ್ಟು ಅಂಕ ಎಂದರೆ ಜಾಣರು ಎಲ್ಲವನ್ನೂ ಒಬ್ಬನ ಮೇಲೇ ಸುರಿಯುತ್ತಾರೆ. ಅದಕ್ಕೆ 1950ರಲ್ಲಿ ಗ್ಲೆನ್ ಬ್ರಯರ್ ಎಂಬ ಅಮೆರಿಕದ ಹವಾಮಾನ ತಜ್ಞರು ಮಳೆಯ ಮುನ್ಸೂಚನೆಯನ್ನು ಅಳೆಯಲು ತೋರಿಸಿದ ದಾರಿ ಚೆನ್ನ. ಪ್ರತಿ ಚಾಲಕನಿಗೂ ನೀವು ಹೇಳಿದ್ದಕ್ಕೂ ಆದದ್ದಕ್ಕೂ ಇರುವ ವ್ಯತ್ಯಾಸದ ವರ್ಗ ಮಾಡಿ ಕೂಡಿಸಿ. ಕಡಿಮೆ ಬಂದಷ್ಟೂ ಒಳ್ಳೆಯದು. ಮೇಲಿನ ಹಂಚಿಕೆಯಲ್ಲಿ ಭೀಮ ಗೆದ್ದರೆ 0.25 + 0.49 + 0.04 = 0.78. ನೂರೂ ಬೀಜ ರಾಮನಿಗೆ ಇಟ್ಟವರಿಗೆ ಪೂರಾ 2! ಏನೂ ಯೋಚಿಸದೆ ಮೂವರಿಗೂ ಸಮ ಹಂಚಿದವರಿಗೆ ಯಾವಾಗಲೂ ಸುಮಾರು 0.67. ಅತಿಯಾದ ಆತ್ಮವಿಶ್ವಾಸಕ್ಕೆ ಎಷ್ಟು ಪೆಟ್ಟು ನೋಡಿ. ಐದನೇ ತರಗತಿಯ ಮಕ್ಕಳೂ ಈ ಲೆಕ್ಕ ಮಾಡಬಹುದು. ಗಣಿತದ ಜೊತೆಗೆ ಕನ್ನಡದ ಅಂಕಿಗಳೂ ಬಾಯಿಗೆ ಬರುತ್ತವೆ.

ಹಣ ಮಾತ್ರ ಬೇಡ. ಇಲ್ಲಿನ ರೈಲು ನಿಲ್ದಾಣಗಳ ಪಕ್ಕದಲ್ಲಿ ವೆಟ್‌ಬ್ಯೂರೋ ಅಂಗಡಿಗಳನ್ನು ನೋಡಿರುತ್ತೀರಿ. ಮೊಬೈಲಿನಲ್ಲೂ ಅದರದೇ ಜಾಹೀರಾತು. ಓದಲು ಬಂದ ನಮ್ಮ ಹುಡುಗರು ಹಾಸ್ಟೆಲ್ ರೂಮಿನಲ್ಲಿ ಒಂಟಿಯಾಗಿ ಕೂತಾಗ ಅದು ಸುಲಭದ ಸಂಪಾದನೆ ಎನಿಸುತ್ತದೆ. ಅವರಿಗೊಂದು ಲೆಕ್ಕ ಹೇಳಿಕೊಡಿ. ಸರಿಸಮಾನರಾದ ಇಬ್ಬರ ನಡುವೆ ನ್ಯಾಯವಾದ ದರವೆಂದರೆ ಒಂದು ಯೂರೋಗೆ ಎರಡು. ಅಂಗಡಿಯವನು ಕೊಡುವುದು, ಉದಾಹರಣೆಗೆ, 1.90. ಆ ದರದ ಪ್ರಕಾರ ಇಬ್ಬರ ಸಾಧ್ಯತೆ ಕೂಡಿಸಿದರೆ ಶೇಕಡಾ 105ಕ್ಕೂ ಹೆಚ್ಚು. ಮೇಲಿನ ಆ ಐದು ಅವನ ಜೇಬಿಗೆ, ಯಾರೇ ಗೆಲ್ಲಲಿ. ಅದರ ಮೇಲೆ ಜರ್ಮನ್ ಸರ್ಕಾರದ ಶೇಕಡಾ 5.3 ತೆರಿಗೆ ಬೇರೆ. ಕಾರಿನೊಳಗಿನ ಎಂಜಿನಿಯರುಗಳಿಗೇ ಗೊತ್ತಾಗದ್ದು ಹಾಸಿಗೆಯ ಮೇಲೆ ಕೂತ ನಮಗೆ ಗೊತ್ತಾಗುತ್ತದೆಯೇ?

ನಮ್ಮೂರ ಹುಡುಗ

ಮರೆಯುವ ಮುಂಚೆ ಒಂದು ಹೆಮ್ಮೆಯ ಮಾತು. ಡಿಟಿಎಮ್‌ನಲ್ಲಿ ಓಡಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ. 2021ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಶುರುಮಾಡಿ, 2025ರಲ್ಲಿ ಫೋರ್ಡ್ ಮಸ್ಟಾಂಗ್ ಓಡಿಸಿದರು. ಬೆಂಗಳೂರಿನ ರಸ್ತೆಗಳಲ್ಲಿ ಓಡಾಡುತ್ತಿದ್ದ ಪುಟ್ಟ ಎಲೆಕ್ಟ್ರಿಕ್ ಕಾರು ರೇವಾ ನೆನಪಿದೆಯಲ್ಲ? ಅದನ್ನು ತಂದ ಚೇತನ್ ಮೈನಿ ಇವರ ಚಿಕ್ಕಪ್ಪ. ಇವರ ತಮ್ಮ ಕುಶ್ ಮೈನಿ ಕೂಡ ಫಾರ್ಮುಲಾ ಟೂ ಚಾಲಕರು. ಬೀಜ ಹಂಚುವಾಗ ಅಭಿಮಾನಕ್ಕೆಂದು ನಮ್ಮೂರ ಹುಡುಗನಿಗೆ ಒಂದೆರಡು ಹೆಚ್ಚಿಗೆ ಇಟ್ಟರೆ ಬ್ರಯರ್ ಸಾಹೇಬರು ಬೈಯುತ್ತಾರೆ, ಆದರೂ ಇಡೋಣ!

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂದು ಹಿರಿಯರು ಹೇಳಿದರು. ಹೊಲಿಸುವುದೇ ಆದರೆ ಎರಡು ಮೂರು ಅಳತೆಯಲ್ಲಿ ಹೊಲಿಸಿಟ್ಟುಕೊಳ್ಳಿ ಎನ್ನುವುದು ಎಂಜಿನಿಯರನ ಸಲಹೆ. ಮುಂದಿನ ಸಲ ಡಿಟಿಎಮ್ ಕೊನೆಯ ಸುತ್ತಿಗೆ ಬಂದಾಗ ಮನೆಮಂದಿಯೆಲ್ಲ ಸೇರಿ ಬೀಜ ಹಂಚಿ, ಚೀಟಿ ಬರೆದಿಡಿ. ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಂತಾಗ ಹೋಲಿಸಿ ನೋಡೋಣ. ಅತಿ ಕಡಿಮೆ ಅಂಕದವರಿಗೆ ಮೊದಲ ಹೋಳಿಗೆ. ಏನಂತೀರಾ?